ಅವರ ಬಾಯಿಂದಲೇ

ಭಾನುವಾರ, ಆಗಸ್ಟ್ ೯

ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ನೀನು ಎರಡು ಪತ್ರ ಬರೆದೆ, ನಾನು ಒಂದಕ್ಕೂ ಉತ್ತರಿಸಲಿಲ್ಲ. ಕೆಲಸ ಹೆಚ್ಚಿತ್ತು ಎಂದರೆ ಅರ್ಧ ಸುಳ್ಳು. ಒಂದು ವಿಷಯ ಇತ್ಯರ್ಥವಾಗುವವರೆಗೆ ನಿನಗೆ ಬರೆಯಲು ಕೈ ಬರಲಿಲ್ಲ. ಅದು ಮೊನ್ನೆ ಮುಗಿಯಿತು. ಕೂತುಕೊಂಡು ಓದು.

ಡಾಕ್ಟರಾಗಿ ಬೊಂಬೆಯಾಟ ಆಡುತ್ತೀಯ ಎಂದು ನೀನು ನನ್ನನ್ನು ರೇಗಿಸುತ್ತೀಯಲ್ಲ, ನಿಜವೇ. ಉಸಿರು ಕಟ್ಟಿಯೋ ಜ್ವರದಲ್ಲಿ ಮಂಕಾಗಿಯೋ ಆಸ್ಪತ್ರೆಗೆ ಬರುವ ಮಕ್ಕಳನ್ನು ಉಳಿಸಿಕೊಳ್ಳುವುದು ಹೇಗೆಂದು ಡಾಕ್ಟರುಗಳಿಗೂ ನರ್ಸುಗಳಿಗೂ ಕಲಿಸುವ ಕೋಣೆ ನಮ್ಮದು. ಮಂಚದ ಮೇಲೆ ರಬ್ಬರಿನ ಮಗು ಮಲಗಿರುತ್ತದೆ. ಗಾಜಿನಾಚೆ ಗುಂಡಿ ಒತ್ತಿದರೆ ಅದರ ಉಸಿರು ಏರುತ್ತದೆ, ನಾಡಿ ಕುಸಿಯುತ್ತದೆ. ಸರಿಯಾಗಿ ನೋಡದಿದ್ದರೆ ಸಾಯುತ್ತದೆ. ಸತ್ತರೂ ಮತ್ತೆ ಎಬ್ಬಿಸಬಹುದಾದ ಮಗು ಅದೊಂದೇ.

ಕಳೆದ ವಾರದ ತಂಡದಲ್ಲಿ ನಿನ್ನ ಕೂಸು, ನಮ್ಮ ಗುಬ್ಬಿಯನ್ನು ಅಂದು ನೋಡಿದ್ದ ಡಾಕ್ಟರ್ ಇದ್ದರು. ಹೌದು, ಅವರೇ. ಕೂದಲು ಬೆಳ್ಳಗಾಗಿದೆ, ನಗು ಹಾಗೆಯೇ ಇದೆ. ದೊಡ್ಡ ಆಸ್ಪತ್ರೆಯೊಂದರ ಮಕ್ಕಳ ವಿಭಾಗಕ್ಕೆ ಮುಖ್ಯಸ್ಥರಾಗಲಿದ್ದಾರಂತೆ. ಅದಕ್ಕೆ ನಮ್ಮ ತರಬೇತಿ ಮುಗಿಸಿ, ಬೇರೆಯವರಿಗೆ ಕಲಿಸುವ ಅರ್ಹತೆ ಪಡೆಯಬೇಕು. ಸಹಿ ಹಾಕುವವಳು ನಾನು. ಅಂದು ಚೀಲ ಹಿಡಿದು ನಿನ್ನ ಪಕ್ಕ ನಿಂತಿದ್ದ ಕಾಲೇಜು ಹುಡುಗಿಯ ಗುರುತು ಅವರಿಗೆ ಹತ್ತಲಿಲ್ಲ. ನಿಮ್ಮ ಬಗ್ಗೆ ತುಂಬ ಕೇಳಿದ್ದೇನೆ ಎಂದು ಕೈ ಮುಗಿದರು. ನಾನು ಹಲ್ಲು ಕಚ್ಚಿಕೊಂಡು ಕೂರಿಸಿದೆ.

ಕೊನೆಯ ಪರೀಕ್ಷೆಗೆ ಗುಬ್ಬಿಯ ಸ್ಥಿತಿಯನ್ನೇ ಕೊಟ್ಟೆ: ಜ್ವರ, ಮಂಕು, ತಣ್ಣನೆಯ ಕೈಕಾಲು. ಗುಂಡಿಯ ಹತ್ತಿರ ಸಹಾಯಕಿಯನ್ನು ಕೂರಿಸಿ ತಾಯಿಯ ಪಾತ್ರಕ್ಕೆ ನಾನೇ ನಿಂತೆ. ಅಂದು ನೀನು ಆಡಿದ ಮಾತನ್ನೇ ಆಡಿದೆ: "ಮಗು ಯಾಕೋ ದಿನದ ಹಾಗಿಲ್ಲ ಡಾಕ್ಟ್ರೇ." ಅವರು ಎಡವಲಿ, ಎಲ್ಲರೆದುರು ಆ ಬೊಂಬೆ ಅವರ ಕೈಯಲ್ಲಿ ಸಾಯಲಿ ಎಂದು ಕಾದೆ.

ಎಡವಲಿಲ್ಲ ಅಕ್ಕಾ. ಹೊದಿಕೆ ಸರಿಸಿದರು. ಎದೆಯ ಮೇಲೆ ಬೆರಳೊತ್ತಿ, ಒತ್ತಿದ ಜಾಗಕ್ಕೆ ರಕ್ತದ ಬಣ್ಣ ಮರಳಲು ಎಷ್ಟು ಹೊತ್ತಾಯಿತೆಂದು ಸಹಾಯಕಿಯನ್ನು ವಿಚಾರಿಸಿದರು. ಆಕ್ಸಿಜನ್ ಕೊಡಿಸಿದರು, ಡ್ರಿಪ್ ಹಾಕಿಸಿದರು, ಯಾವಾಗಿನಿಂದ ಹೀಗಿದೆ ಎಂದು ನನ್ನತ್ತ ತಿರುಗಿ ಮೆತ್ತಗೆ ಕೇಳಿದರು. ಬೊಂಬೆ ಬದುಕಿತು. ಇದೆಲ್ಲ ಓದುವ ಕಾಲದಿಂದಲೂ ರೂಢಿ ಎಂದು ನರ್ಸುಗಳ ಹತ್ತಿರ ಹೇಳಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಏನೂ ಅರಿಯದವರಾಗಿದ್ದರೆ ಎಂದಾದರೂ ಕ್ಷಮಿಸುತ್ತಿದ್ದೆನೇನೋ. ಇವರಿಗೆ ಅಂದೂ ಎಲ್ಲ ಗೊತ್ತಿತ್ತು.

ಆಮೇಲೆ ಎಲ್ಲರೂ ಸುತ್ತ ಕುಳಿತು ನಡೆದದ್ದನ್ನು ಚರ್ಚಿಸುವ ಪದ್ಧತಿ. ಇಂಥ ಮಗುವನ್ನು ಹಿಂದೆ ನೋಡಿದ್ದೀರಾ ಎಂದು ಕೇಳಿದೆ. ಅವರು ನಿಟ್ಟುಸಿರು ಬಿಟ್ಟು ಗುಬ್ಬಿಯ ಕಥೆಯನ್ನೇ ಶುರುಮಾಡಿದರು. ತಾಯಿ ಜ್ವರವನ್ನು ಲೆಕ್ಕಿಸದೆ ಮನೆಯಲ್ಲೇ ಇಟ್ಟುಕೊಂಡಿದ್ದಳಂತೆ, ಕೈಮೀರಿದ ಮೇಲೆ ತಂದಳಂತೆ. ಹೋದಲ್ಲೆಲ್ಲ ಇದನ್ನೇ ಪಾಠವಾಗಿ ಹೇಳುತ್ತಾರಂತೆ. ಎಂಥ ತಾಯಿಯಪ್ಪಾ ಎಂದು ಒಬ್ಬ ನರ್ಸ್ ಗೊಣಗಿದಳು.

"ಅದಕ್ಕೆ ಮುಂಚೆ ಅವರು ನಿಮ್ಮ ಹತ್ರ ಬಂದಿರಲಿಲ್ವಾ?" ಎಂದೆ.

"ಇಲ್ಲ ಮೇಡಂ."

"ಹಿಂದಿನ ಸಂಜೆ ಬಂದಿದ್ರು. ನೀವು ಹೊದಿಕೆ ಕೂಡ ತೆಗೀಲಿಲ್ಲ. ಚಳಿಗೆ ಕೈಕಾಲು ತಣ್ಣಗಾಗಿದೆ, ತಾಯಂದಿರು ಸುಮ್ನೆ ಗಾಬರಿ ಬೀಳ್ತಾರೆ ಅಂತ ನಕ್ಕು ಕಳಿಸಿದ್ರಿ. ಆ ತಾಯಿ ನನ್ನ ಅಕ್ಕ. ನಾನು ಪಕ್ಕದಲ್ಲೇ ಇದ್ದೆ."

ಅವರ ಮುಖ ಬಿಳಿಚಿಕೊಂಡಿತು. ನೀರಿನ ಲೋಟ ಎತ್ತಿ, ಕುಡಿಯದೆ ಇಟ್ಟರು. ನಾನಾಗಿ ಮಾತು ಬದಲಿಸಿ ಅವರನ್ನು ಪಾರುಮಾಡಬಹುದಿತ್ತು, ಮಾಡಲಿಲ್ಲ. ಕಡೆಗೆ ತಲೆ ತಗ್ಗಿಸಿಕೊಂಡೇ, "ಹೌದು. ಬಂದಿದ್ರು. ನಾನೇ ವಾಪಸ್ ಕಳಿಸಿದೆ," ಎಂದರು.

ಅಂಕಗಳನ್ನು ನ್ಯಾಯವಾಗಿಯೇ ಕೊಟ್ಟೆ. ಸಹಿ ಮಾತ್ರ ಒಂದು ಷರತ್ತಿನ ಮೇಲೆ ತಡೆದೆ. ಇನ್ನು ಮುಂದೆ ಪ್ರತಿ ತಂಡದೆದುರೂ ಇದನ್ನು ನಡೆದ ಹಾಗೆ ತಾವೇ ಹೇಳಬೇಕು, ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ ಎಂದೆ. ಅದಕ್ಕೂ ಮೊದಲು ಒಬ್ಬರಿಗೆ ಫೋನ್ ಮಾಡಿ ಹೇಳಬೇಕು, ನನ್ನ ಕಣ್ಣೆದುರೇ. ನಿನ್ನ ಕ್ಷಮೆ ಕೇಳಲೇ ಎಂದರು. ನನ್ನ ಅಕ್ಕನ ಹತ್ತಿರ ಸುಳಿಯಬೇಡಿ ಎಂದೆ. ನಾನು ಹೇಳಿದ ನಂಬರನ್ನು ಅವರು ಒಂದೊಂದಾಗಿ ಒತ್ತುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ತಪ್ಪೆನ್ನುವವರು ಎನ್ನಲಿ.

ದೊಡ್ಡವಳು ನೀನು, ಹರಸಬೇಕಾದವಳೂ ನೀನೇ. ಆದರೂ ಈ ಸಲ ನಾನೇ ಹರಸುತ್ತೇನೆ: ಇನ್ನು ಯಾರೆದುರೂ ನಿನ್ನ ತಲೆ ತಗ್ಗದಿರಲಿ.

ನಿನ್ನ
ತಂಗಿ

ತಾ.ಕ.: ಆ ಫೋನ್ ಹೋದದ್ದು ಭಾವನಿಗೆ. ಗುಬ್ಬಿಯನ್ನು ಕಳೆದುಕೊಂಡ ದಿನ, ಬಂದವರೆಲ್ಲರೆದುರು "ನೀನೇ ಕೊಂದೆ" ಎಂದು ನಿನ್ನನ್ನು ಬಿಟ್ಟು ಹೊರಟವರು ಅವರು. ನಾನು ಎಷ್ಟು ಬಡಿದುಕೊಂಡರೂ, ತಡಮಾಡಿ ತಂದರು ಎಂಬ ಡಾಕ್ಟರ ಮಾತನ್ನೇ ನಂಬಿದರು. ನೀನು ಎದುರಾಡಲಿಲ್ಲ. ನೀನೂ ಅದನ್ನೇ ನಂಬಿದ್ದೀಯ ಎಂದು ನನಗೆ ತಿಳಿದದ್ದು ನನ್ನ ಮಗಳು ಹುಟ್ಟಿದಾಗ. ಎತ್ತಿಕೋ ಎಂದು ಕೊಟ್ಟರೆ ನೀನು ಕೈ ಹಿಂದಕ್ಕೆಳೆದುಕೊಂಡೆ. ಡಾಕ್ಟರ ಕೈಯಿಂದ ನಾನು ಫೋನ್ ತೆಗೆದುಕೊಂಡಾಗ ಭಾವ ಅತ್ತರು, ನಿನ್ನನ್ನು ನೋಡಲು ಬರಲೇ ಎಂದು ನನ್ನನ್ನು ಕೇಳಿದರು. ಹೋಗುವಾಗ ಯಾರನ್ನೂ ಕೇಳಿರಲಿಲ್ಲವಲ್ಲ ಎಂದು ಫೋನ್ ಇಟ್ಟೆ. ಬಂದರೂ ಬಂದಾರು. ಬಾಗಿಲು ನಿನ್ನದು, ನಾನಾದರೆ ತೆಗೆಯುವುದಿಲ್ಲ. ಶನಿವಾರ ಮಗಳನ್ನು ಕರೆದುಕೊಂಡು ಬರುತ್ತೇನೆ. ಈ ಸಲವೂ ನೀನು ಕೈ ಹಿಂದಕ್ಕೆಳೆದರೆ, ಅವಳನ್ನು ನಿನ್ನ ಮಡಿಲಿಗೆ ಬಿಟ್ಟು ನಾನು ಎದ್ದು ಹೊರಗೆ ಹೋಗುತ್ತೇನೆ.