ಹದಿನಾಲ್ಕನೇ ನಂಬರ್ ಬಸ್ಸಿನ ತಮ್ಮ

ಮನೆ, ಮಹಡಿಯ ಕೋಣೆ
ಸೋಮವಾರ, ಮಾರ್ಚ್ ೯

ಮುದ್ದಿನ ಗುಬ್ಬಚ್ಚೀ,

ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನ ಫ್ಯಾನನ್ನು ಐದರಲ್ಲಿಟ್ಟು ಮಲಗಬೇಡ ಎಂದು ಎಷ್ಟು ಸಲ ಬಡಕೊಂಡರೂ ನೀನು ಕೇಳುವವಳಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಹಳೆಯದೇ, ಹಲ್ಲು ಮಾತ್ರ ಹೊಸದು. ನಿನ್ನಮ್ಮನೂ ಆರಾಮಾಗಿದ್ದಾಳೆ, ಅಂದರೆ ದಿನಕ್ಕೆರಡು ಸಲ ಫೋನು ಮಾಡಿ ಮಾತ್ರೆ ನುಂಗಿದೆಯಾ ಎಂದು ನನ್ನನ್ನು ಗದರುತ್ತಾಳೆ.

ನನ್ನ ಹುಟ್ಟುಹಬ್ಬಕ್ಕೆ ನೀನು ಡಿಎನ್‌ಎ ಪರೀಕ್ಷೆಯ ಡಬ್ಬಿ ಕಳಿಸಿದ್ದೆಯಲ್ಲ, ಎಲ್ಲಾ ಅದರಿಂದ ಶುರುವಾಯಿತು ನೋಡು. ಮೂವತ್ತೈದು ವರ್ಷ ಲೆಕ್ಕದ ಟೀಚರಾಗಿ, ಉಗುಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಅಂಥವಳು ಬಚ್ಚಲುಮನೆಯ ಚಿಲಕ ಹಾಕಿ, ಪಕ್ಕದ ಮನೆಗೆ ಸದ್ದು ಕೇಳದಿರಲೆಂದು ನೀರು ಬಿಟ್ಟು, ಆ ಪುಟ್ಟ ಕೊಳವೆಯನ್ನು ಉಗುಳಿನಿಂದ ಗೆರೆಯವರೆಗೆ ತುಂಬಿಸುವಷ್ಟರಲ್ಲಿ ಗಂಟಲು ಒಣಗಿಹೋಯಿತು. ಆರು ವಾರಕ್ಕೆ ಮೊಬೈಲಿಗೆ ಉತ್ತರ ಬಂತು. ನನಗೊಬ್ಬ ತಮ್ಮನಿದ್ದಾನಂತೆ; ತಂದೆ ಬೇರೆಯೋ ತಾಯಿ ಬೇರೆಯೋ, ಅಂತೂ ಅರ್ಧ ತಮ್ಮ. ಅರವತ್ತೆಂಟು ವರ್ಷ ಒಬ್ಬಳೇ ಮಗಳಾಗಿ ಮೆರೆದವಳಿಗೆ! ಕಂಪನಿಗೆ ಫೋನು ಮಾಡಿ ತರಾಟೆಗೆ ತೆಗೆದುಕೊಂಡೆ. "ಮೇಡಂ, ತಪ್ಪಾಗೋ ಛಾನ್ಸ್ ತುಂಬಾ ಕಮ್ಮಿ" ಎಂದಳು ಆ ಕಡೆಯ ಹುಡುಗಿ. "ಕಮ್ಮಿ ಅಂದ್ರೆ ಎಷ್ಟಮ್ಮಾ? ಶೇಕಡಾ ಹೇಳು" ಎಂದೆ. ಹೇಳಿದಳು. ಫೋನಿಟ್ಟುಬಿಟ್ಟೆ.

ಮರುದಿನ ಅವನದೇ ಸಂದೇಶ ಬಂತು: "ಅಕ್ಕಾ, ನಮಸ್ಕಾರ. ನಂಗೀಗ ಐವತ್ತೆಂಟು. ಹದಿನಾಲ್ಕನೇ ನಂಬರ್ ಬಸ್ ಓಡಿಸ್ತೀನಿ. ಇಷ್ಟ ಇದ್ರೆ ಮಾತಾಡಿ, ಇಲ್ಲಾಂದ್ರೆ ಬೇಜಾರಿಲ್ಲ." ನನ್ನ ಹತ್ತನೇ ವಯಸ್ಸಿನಲ್ಲಿ ಅಮ್ಮ ಬಸುರಿಯಾಗಿದ್ದರೆ ನನಗೆ ಕಾಣುತ್ತಿರಲಿಲ್ಲವೇ? ಹಾಗಾದರೆ ಇದು ಅಪ್ಪನದೇ ಕಿತಾಪತಿ. ಅಂಚೆ ಕಚೇರಿಯ ಅಧಿಕಾರಿ, ಕರವಸ್ತ್ರಕ್ಕೂ ಇಸ್ತ್ರಿ ಹಾಕಿಸುತ್ತಿದ್ದ ಮನುಷ್ಯ! ಅವರ ಫೋಟೋವನ್ನು ಗೋಡೆಯ ಕಡೆ ತಿರುಗಿಸಿ ಮೂರು ದಿನ ಮಾತು ಬಿಟ್ಟೆ.

ನಾಲ್ಕನೇ ದಿನ ತಡೆಯಲಾಗಲಿಲ್ಲ. ಆ ಬಸ್ ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲೇ ಕೂತೆ. ಕೊನೆಯ ಸ್ಟಾಪು ಬಂದರೂ ಇಳಿಯಲಿಲ್ಲ, ಮತ್ತೆ ಟಿಕೆಟ್ ತೆಗೆದುಕೊಂಡೆ. ಮೂರನೇ ಸುತ್ತಿಗೆ ಅವನು ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿ, "ಅಕ್ಕಾ, ಇನ್‌ಸ್ಪೆಕ್ಷನ್ ಸಾಕು. ಬನ್ನಿ, ಟೀ ಕುಡಿಯೋಣ" ಎಂದ. ಗುರುತು ಹೇಗೆ ಸಿಕ್ಕಿತು ಎಂದು ಕೇಳಿದರೆ, "ಕನ್ನಡೀಲಿ ನಿಮ್ಮ ಕಿವಿ ಕಾಣ್ತಿತ್ತು" ಎನ್ನುತ್ತಾ ಪರ್ಸಿನಿಂದ ತನ್ನ ತಂದೆಯ ಫೋಟೋ ತೆಗೆದ. ಏನು ಹೇಳಲಿ! ನನಗೆ, ನಿನ್ನಮ್ಮನಿಗೆ, ನಿನಗೆ ಇರುವ ಅದೇ ಮೊರದಗಲದ ಕಿವಿಗಳು ಫೋಟೋದಲ್ಲಿದ್ದ ಆ ಅಪರಿಚಿತನ ತಲೆಯ ಎರಡೂ ಕಡೆ ಕದ ತೆರೆದಂತೆ ನಿಂತಿದ್ದವು. ನನ್ನಪ್ಪ ಅವನಿಗೆ ತಂದೆಯಲ್ಲ, ಅವನಪ್ಪನೇ ನನಗೆ ತಂದೆ. ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದನಂತೆ. ಅಮ್ಮನಿಗೆ ಸಿನಿಮಾ ಹುಚ್ಚು ವಿಪರೀತ. ಬುಧವಾರದ ಮ್ಯಾಟಿನಿಗೆ ಟಿಕೆಟ್ ತಂದುಕೊಡುತ್ತಿದ್ದವರು, ಪಾಪ, ಅಪ್ಪನೇ.

ಮನೆಗೆ ಬಂದು ಫೋಟೋ ನೆಟ್ಟಗೆ ಮಾಡಿ ಅಪ್ಪನಲ್ಲಿ ಕ್ಷಮೆ ಕೇಳಿದೆ. ಆಮೇಲೆ ಅತ್ತುಬಿಟ್ಟೆ. ನನಗೆ ಮಗ್ಗಿ ಕಲಿಸಿದವರು ಅವರು. ತಪ್ಪಿದಾಗಲೆಲ್ಲ ಕಿವಿ ಹಿಂಡಿದವರೂ ಅವರೇ, ತಮ್ಮದಲ್ಲದ ಕಿವಿಯನ್ನು! ಅವರಿಗೆ ಗೊತ್ತಿತ್ತೋ ಇಲ್ಲವೋ, ಕೇಳೋಣವೆಂದರೆ ಅಪ್ಪ ಅಮ್ಮ ಇಬ್ಬರೂ ಈಗಿಲ್ಲ. ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲೆಂದೇ ಕೂತೆ. ಬುಧವಾರ ಸಂಜೆ ಮಾತ್ರ ಅವಳು ಅಡುಗೆಮನೆಯಲ್ಲಿ ಗುನುಗುತ್ತಿದ್ದದ್ದು ನೆನಪಾಗಿ ಸಿಟ್ಟು ಅರ್ಧಕ್ಕೇ ನಿಂತಿತು.

ಅವನು ಈಗ ದಿನಾ ಫೋನು ಮಾಡಿ "ಊಟ ಆಯ್ತಾ ಅಕ್ಕಾ?" ಎನ್ನುತ್ತಾನೆ. ಜೋಕು ಹೇಳುವ ಮೊದಲೇ ತಾನು ನಗುತ್ತಾನೆ. ಶಾಲೆಯಲ್ಲಿ ಲೆಕ್ಕದಲ್ಲಿ ಫೇಲಂತೆ. ಅದು ಅವನ ತಾಯಿಯ ಕಡೆಯಿಂದ ಬಂದಿರಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು, ಮನಸ್ಸಿಟ್ಟು ಓದು, ನೂರು ಕಾಲ ಸುಖವಾಗಿರು.

ನಿನ್ನ
ಅಜ್ಜಿ

ತಾ.ಕ.: ಭಾನುವಾರ ಅವನನ್ನು ಊಟಕ್ಕೆ ಕರೆದಿದ್ದೇನೆ. ನಿನ್ನಮ್ಮನೂ ಬರುತ್ತಾಳೆ. ಅವಳಿಗೆ ಇನ್ನೂ ಹೇಳಿಲ್ಲ. ಮೂರು ಸಲ ಫೋನು ಮಾಡಿ, ಮೂರು ಸಲವೂ ಈರುಳ್ಳಿ ರೇಟು ಕೇಳಿ ಇಟ್ಟೆ. ಕೊನೆಗೆ ಬಾಯಿಗೆ ಬಂದಂತೆ, ಫ್ರಿಜ್ ರಿಪೇರಿಯವನು ಬರುತ್ತಾನೆ ಎಂದುಬಿಟ್ಟೆ. "ಭಾನುವಾರ ಯಾವ ರಿಪೇರಿಯವನಮ್ಮಾ? ಅದೂ ಊಟಕ್ಕೆ?" ಎಂದು ಆಗಲೇ ಕೊಕ್ಕೆ ಹಾಕುತ್ತಿದ್ದಾಳೆ. ಶನಿವಾರ ಸಂಜೆಗೇ ಬಂದುಬಿಡು ಕಂದಾ. ಒಬ್ಬಳೇ ಹೇಳಲು ನನಗೆ ಧೈರ್ಯವಿಲ್ಲ.