ಬರೀ ಸೆರಗು ಬೇಡಿದ ಯಾದ್ವಿಗಾಬಾಯಿ

ಗೆಳತಿ ಯಾದ್ವಿಗಾಬಾಯಿಯವರಿಗೆ,

ನಿವೃತ್ತ ಡೆಪ್ಯುಟಿ ರಾಘವೇಂದ್ರರಾಯರು ಧಾರವಾಡದ ಮಾಸಪತ್ರಿಕೆಯೊಂದರಲ್ಲಿ ತಮ್ಮ ನೌಕರಿಯ ನೆನಪುಗಳನ್ನು ಬರೆಯುತ್ತಿದ್ದಾರೆ. ಈ ತಿಂಗಳು ಅದರಲ್ಲಿ ನೀವು ಬಂದಿದ್ದೀರಿ. "ಇಳಕಲ್ಲಿನ ಹತ್ತಿಯ ಜಿನ್ನಿಂಗ್ ಗಿರಣಿಗೆ ಯಂತ್ರ ಕೂಡಿಸಲು ಬಂದಿದ್ದ ಇಂಜಿನಿಯರರ ಪತ್ನಿ, ರಶಿಯನ್ ಬಾಯಿಯೊಬ್ಬರು, ಹೊತ್ತು ಹೋಗದೆ ನನ್ನಿಂದ ಇಂಗ್ಲಿಷ್ ಶಬ್ದಗಳ ಅರ್ಥ ಕೇಳಿ ಬರೆದುಕೊಳ್ಳುತ್ತಿದ್ದರು, ಗಂಡ ಹೊಳೆಯಲ್ಲಿ ಮುಳುಗಿದನೆಂದು ತಿಳಿದು ಒಮ್ಮೆ ಓಣಿಯೆಲ್ಲ ಕೇಳುವಂತೆ ಅತ್ತರು" ಎಂದು ರಾಯರ ಬರಹ. ನನ್ನ ಶಾಲೆಯ ಹುಡುಗಿಯೊಬ್ಬಳು ಇಂಥದನ್ನು ಬರೆದಿದ್ದರೆ ಪಾಟಿ ಒರೆಸಿ ಮತ್ತೆ ಬರೆಯಿಸುತ್ತಿದ್ದೆ. ರಾಯರ ಪಾಟಿ ಅಚ್ಚಾಗಿ ಊರೂರಿಗೆ ಹೋಗಿಬಿಟ್ಟಿದೆ.

ನೀವು ರಶಿಯನ್ ಅಲ್ಲ, ಪೋಲಿಷ್. ಹೊತ್ತು ಹೋಗದೆ ಬರೆದವರೂ ಅಲ್ಲ. ಅರ್ಥ ಕೇಳಿದ್ದು ರಾಯರನ್ನಲ್ಲ, ನನ್ನನ್ನು. ರಾಯರ ಇಂಗ್ಲಿಷ್ ಎಂಥದೆಂಬುದನ್ನು ಊರೂ ಬಲ್ಲದು, ನಾನೂ ಬಲ್ಲೆ. ಇನ್ನು ಆ ದಿನ ನೀವು ಅತ್ತದ್ದು ನಿಮ್ಮ ಪತಿ ಸ್ಟೆಫಾನ್ ಸಾಹೇಬರಿಗಾಗಿ ಅಲ್ಲವೇ ಅಲ್ಲ. ಇದಿಷ್ಟನ್ನೂ ಬರೆದು ಸಂಪಾದಕರಿಗೆ ಕಳಿಸಿದೆ. ಉತ್ತರ ಬಂದಿದೆ: ರಾಯರು ಹಿರಿಯರು, ಅವರ ಮಾತನ್ನು ಸುಮ್ಮನೆ ಅಲ್ಲಗಳೆಯಲಾಗದು, ಆ ದಿನ ಹಾಜರಿದ್ದವರ ಹೆಸರುಗಳನ್ನು ಊರು, ದೇಶ ಸಹಿತ ಕಳಿಸಿದರೆ ತಿದ್ದುಪಡಿ ಅಚ್ಚಾಗುವುದು. ಕಳಿಸದಿದ್ದರೆ ನೀವು ಕನ್ನಡದಲ್ಲಿ ಎಂದೆಂದಿಗೂ ರಶಿಯನ್ ಬಾಯಿಯಾಗಿಯೇ ಉಳಿಯುತ್ತೀರಿ. ಆದ್ದರಿಂದ ಕಳಿಸುವ ಮೊದಲು, ನಡೆದದ್ದನ್ನು ನಿಮ್ಮೆದುರಿಗೆ ಒಮ್ಮೆ ಒಪ್ಪಿಸುತ್ತೇನೆ. ಎಲ್ಲಿಯಾದರೂ ನಾನೇ ತಪ್ಪಿದರೆ...

ನೀವು ಮೊದಲ ಸಲ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತದ್ದು ನೆನಪಿದೆ. ಕೈಯಲ್ಲಿ ಕಾಗದದ ಕಟ್ಟು, ತಲೆಯ ಮೇಲೆ ಗಾಳಿಗೆ ನಿಲ್ಲದ ಟೊಪ್ಪಿಗೆ. ನಿಮ್ಮ ತಂಗಿ ಹಾನ್ಯಾ ಅಮೆರಿಕೆಯ ಹೊಲಿಗೆಯ ಕಾರಖಾನೆಯೊಂದರಲ್ಲಿ ದುಡಿಯುತ್ತಿದ್ದಳು. ನಿಮ್ಮ ನಾಡಿನ ಹೆಣ್ಣುಮಕ್ಕಳು ಅಲ್ಲಿ ಹಡಗಿನಿಂದ ಇಳಿಯುತ್ತಲೇ ಇದ್ದರು, ಇಂಗ್ಲಿಷ್ ಒಂದಕ್ಷರ ಬಾರದೆ. ಅವರಿಗಾಗಿ ನೀವು ಕ್ರಿಯಾಪದಗಳ ಒಂದು ಕೈಪಿಡಿ ಮಾಡುತ್ತಿದ್ದಿರಿ. ತಂಗಿ ಕಾರಖಾನೆಯಲ್ಲಿ ಕಿವಿಗೆ ಬಿದ್ದ ವಾಕ್ಯಗಳನ್ನು ಬರೆದು ಕಳಿಸುವುದು, ನೀವು ಪೋಲಿಷ್‌ನಲ್ಲಿ ಬಿಡಿಸಿ ಹೇಳುವುದು. ಬರುವುದು, ಹೋಗುವುದು, ತಿನ್ನುವುದು ಸರಾಗವಾಗಿ ಸಾಗಿದ್ದವು. 'ಕೀಪ್' ಎಂಬಲ್ಲಿ ಬಂಡಿ ಹೂತಿತ್ತು. ಸಂತೆಯಲ್ಲಿ ಕಲಿತ ಕನ್ನಡದಲ್ಲಿ ನೀವು ಹೇಳಿದಿರಿ: "ಬಾಯಾರ, ಈ ಶಬ್ದ ಭಾಳ ಖೋಡಿ ಐತ್ರಿ." ಆ ಮಾತನ್ನು ಹಾಯುವ ದನಕ್ಕೆ ಹೇಳುತ್ತಾರೆ ಎಂದು ನಾನು ತಿದ್ದಿದೆ. "ಖರೇನ, ಹಾಯ್ತೈತ್ರಿ" ಎಂದಿರಿ. ತಿದ್ದಿದ್ದನ್ನು ನಾನೇ ಒರೆಸಿದೆ.

ನಮ್ಮ ಕೆಲಸದ ಪದ್ಧತಿ ರಾಯರಿಗೆ ಗೊತ್ತಿರುವ ಸಂಭವವೇ ಇಲ್ಲ. ನೀವು ಇಂಗ್ಲಿಷ್ ವಾಕ್ಯ ಓದುವಿರಿ. ನಾನು ಅದನ್ನು ಕನ್ನಡದಲ್ಲಿ ಹೇಳುವೆ. ನೀವು ಕಣ್ಣು ಮುಚ್ಚಿ ಅದನ್ನೇ ನಿಮ್ಮ ತಾಯಿಗೆ ಹೇಳುವಂತೆ ಪೋಲಿಷ್‌ನಲ್ಲಿ ಹೇಳುವಿರಿ. ನನಗೆ ಅನುಮಾನ ಬಂದರೆ ಓಣಿಯನ್ನು ಕೇಳುವುದು. ಅಂಗಡಿ 'ಕೀಪ್' ಮಾಡುವ ವಾಕ್ಯ ಬಂದಾಗ ಎದುರಿಗೇ ಇದ್ದರು ಬಣ್ಣದ ಅಂಗಡಿಯ ಖಾಸೀಮಸಾಬರು. "ಸಾಬರ, ನೀವು ಅಂಗಡಿ ಮಾಡೀರೋ, ಇಟ್ಟೀರೋ?" ಎಂದು ಕೂಗಿದೆ. "ನಾ ಅಂಗಡಿ ಇಟ್ಟೇನಿ ಅಂತೇನ್ರಿ ಬಾಯಾರ. ನಮ್ಮಾಕಿನ್ನ ಕೇಳಿದ್ರ, ಅಂಗಡೀನ ನನ್ನ ಇಟಗೊಂಡೈತಿ ಅಂತಾಳ!" ಒಳಗಿನಿಂದ ಅವರ ಹೆಂಡತಿಯ ನಗು ಕೇಳಿಸಿತು. ಪೋಲಿಷ್‌ನಲ್ಲಿ ಅಂಗಡಿಗೆ 'ಪ್ರೊವಾಜಿಚ್', ಎಂದರೆ ಕೈಹಿಡಿದು ನಡೆಸುವುದು ಎಂದು ನೀವು ಬರೆದುಕೊಂಡಿರಿ. ನಾವು ಎಮ್ಮೆ ಕಟ್ಟುತ್ತೇವೆ. ನೀವು ಅದನ್ನು ಬೆಳೆಸುತ್ತೀರಿ, 'ಹೊದೋವಾಚ್'. ಕೊಟ್ಟ ಮಾತಿಗೆ 'ದೊತ್‌ಶಿಮಾಚ್', ಕೊನೆ ಮುಟ್ಟುವವರೆಗೆ ಹಿಡಿದಿರುವುದು. ಇಂಗ್ಲಿಷರು ಒಂದೇ ಗೂಟಕ್ಕೆ ಇಷ್ಟೆಲ್ಲವನ್ನು ಬಿಗಿದಿದ್ದಾರೆಂದು ನಾನು ಬೇಸರಪಟ್ಟೆ. ನೀವು ಮಾತ್ರ ಒಂದೊಂದನ್ನೇ ಬಿಚ್ಚುತ್ತ ಕುಳಿತಿರಿ.

ಕಡೆಗೆ ಒಂದೇ ವಾಕ್ಯ ಉಳಿಯಿತು. ಕಾರಖಾನೆಯಲ್ಲಿ ಮುದುಕಿಯೊಬ್ಬಳು ಹಾನ್ಯಾಳನ್ನು ಕೇಳಿದ್ದಳಂತೆ: ನಿಮ್ಮ ಮಂದಿ ತಮ್ಮ ಭಾಷೆಯನ್ನು 'ಕೀಪ್' ಮಾಡಿದರೇ? ಇದಕ್ಕೆ ನಿಮ್ಮಲ್ಲಿ ಪದಗಳಿಲ್ಲದೆ ಇರಲಿಲ್ಲ. ಒಂದು ಕಾವಲುಗಾರನ ಪದ, ಅದು ಬೇಡವೆಂದಿರಿ. ಒಂದು ಬರೀ ಕೈಯಲ್ಲಿ ಹಿಡಿಯುವ ಪದ, ಅದು ಸಾಲದೆಂದಿರಿ. ಮೂರನೆಯದು 'ಜಖೋವಾಚ್'. ಎಲ್ಲರೂ ಬಳಸುವುದು ಅದನ್ನೇ ಎಂದು ಒಪ್ಪಿಕೊಂಡು ಅದನ್ನೂ ಹೊಡೆದುಹಾಕಿದಿರಿ. ಅದರ ಹೊಟ್ಟೆಯೊಳಗೆ 'ಅಡಗಿಸುವುದು' ಎಂಬ ಮಾತು ಕುಳಿತಿದೆ, ಅಡಗಿಸಿ ಅಡಗಿಸಿ ನನಗೆ ಸಾಕಾಗಿದೆ ಎಂದಿರಿ. ನಿಮ್ಮ ಶಾಲೆಯಲ್ಲಿ ರಶಿಯನ್ ಬಿಟ್ಟು ಬೇರೆ ಮಾತು ಆಡುವಂತಿರಲಿಲ್ಲ, ಆಟದ ಬಯಲಿನಲ್ಲಿ ಕೂಡ. ಪೋಲಿಷ್ ಅಕ್ಷರ ಕಲಿಸಿದವಳು ಸೋದರತ್ತೆ, ಅಡುಗೆಮನೆಯಲ್ಲಿ. ಹೊರಗೆ ಬೂಟಿನ ಸಪ್ಪಳವಾದರೆ ಪುಸ್ತಕ ಹಿಟ್ಟಿನ ಮಣೆಯ ಕೆಳಗೆ. ನಾನು ಬಾಲ್ಯದಲ್ಲಿ ಕುಳಿತದ್ದೂ ಮರಾಠಿ ಶಾಲೆಯಲ್ಲಿಯೇ. ಕನ್ನಡದ ಓನಾಮವನ್ನು ಮನೆಯಲ್ಲಿ ಅಜ್ಜ ತಿದ್ದಿಸಿದ. ಆದರೆ ನನಗೆ ಯಾರೂ ಪುಸ್ತಕ ಅಡಗಿಸಿಡು ಎಂದಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ?

ಅದಕ್ಕೂ ಮೊದಲಿನ ಒಂದು ಸಂತೆಯ ದಿನವನ್ನು ಇಲ್ಲಿ ಹೇಳಬೇಕು. ಕಪ್ಪು ಸೀರೆಯುಟ್ಟ ಹೆಂಗಸರ ಗುಂಪೊಂದು ನಮ್ಮ ಮುಂದೆ ಹೋಗುತ್ತಿತ್ತು. ಬೆನ್ನ ಮೇಲೆ ಇಳಕಲ್ಲಿನ ಕೆಂಪು ರೇಶಿಮೆಯ ಸೆರಗು, ಅದರಲ್ಲಿ ನೇಯ್ದ ಬಿಳಿಯ ತೆನೆಗಳ ಸಾಲು. ನೀವು ನಡುಬೀದಿಯಲ್ಲಿ ನಿಂತುಬಿಟ್ಟಿರಿ. ಬಿಳಿ ಮತ್ತು ಕೆಂಪು ನಿಮ್ಮ ದೇಶದ ಬಣ್ಣಗಳೆಂದೂ, ನಿಮ್ಮ ಊರಿನಲ್ಲಿ ಎರಡನ್ನೂ ಜೋಡಿಸಿ ತೊಟ್ಟರೆ ಪೋಲೀಸರು ಬರುತ್ತಾರೆಂದೂ ಹೇಳಿದಿರಿ. "ಇಲ್ಲಿ ಕಾಯಿಪಲ್ಯೆ ತರಾಕ ಉಟಗೊಂಡ ಹೋಗ್ತಾರಲ್ರಿ!" ಎಂದು ನಕ್ಕಿರಿ. ಮರುದಿನವೇ ನೇಕಾರರ ಓಣಿಯ ನಿಂಗವ್ವನ ಮನೆಗೆ ಹೋಗಿ, ನನಗೆ ಸೀರೆ ಬೇಡ, ಬರೀ ಸೆರಗು ನೇಯ್ದು ಕೊಡಿ ಎಂದು ಕೇಳಿ ಬಂದಿರಿ. ಮೇಜಿನ ಮೇಲುಗಡೆ ಗೋಡೆಗೆ ತೂಗುಹಾಕುವ ವಿಚಾರ ನಿಮ್ಮದು. ನನ್ನನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದೆ. ಆ ಓಣಿಯಲ್ಲಿ ಸೀರೆಯಿಂದ ಸೆರಗನ್ನು ಬೇರೆ ಮಾಡುವುದು ಒಂದೇ ಸಂದರ್ಭದಲ್ಲಿ, ಗಂಡ ತೀರಿದಾಗ.

ಆ ವಾರ ಸ್ಟೆಫಾನ್ ಸಾಹೇಬರು ಊರಲ್ಲಿರಲಿಲ್ಲ. ರೈಲಿನಲ್ಲಿ ಬಂದ ಯಂತ್ರದ ಗಾಲಿಯನ್ನು ತರಲು ಬಾಗಲಕೋಟೆಗೆ ಹೋದವರು ಅಲ್ಲಿಯೇ ಸಿಕ್ಕಿಬಿದ್ದಿದ್ದರು. ಮಲಪ್ರಭೆ ತುಂಬಿ ನಾವೆ ನಿಂತಿತ್ತು. ನಿಮಗೆ ಆತಂಕವಿರಲಿಲ್ಲ, ನೀರಿಳಿದ ಮೇಲೆ ಬರುತ್ತೇನೆಂದು ಅವರು ತಂತಿ ಕೊಟ್ಟಿದ್ದರು. ನಿಂಗವ್ವನಿಗೆ ಅದು ಹೇಗೆ ತಿಳಿಯಬೇಕು? ಹೊಳೆಯಾಚೆ ಹೋದ ಗಂಡ ಬಂದಿಲ್ಲ, ಹೆಂಡತಿ ಬರೀ ಸೆರಗು ಕೇಳುತ್ತಾಳೆ. ಆಕೆ ಲೆಕ್ಕ ಕೂಡಿಸಿದಳು.

ನಾವು ಆ ಒಂದು ವಾಕ್ಯದ ಮುಂದೆ ಕುಳಿತಿದ್ದಾಗ ನಿಂಗವ್ವ ಬಂದಳು. ತಲೆತುಂಬ ಸೆರಗು ಹೊದ್ದು, ನಿಮ್ಮೆದುರು ಕುಕ್ಕರಿಸಿ, ನಿಮ್ಮ ಎರಡೂ ಕೈ ಹಿಡಿದು ಹಾಡಿ ಅಳತೊಡಗಿದಳು. "ಯವ್ವಾ ನನ್ನವ್ವಾ, ಎಂಥಾ ಹೊತ್ತ ಬಂತಲ್ಲವ್ವಾ ನಿನಗ! ಇದ್ದದ್ದ ಹೋತು, ಹೆಸರ ಹೋತು, ನಿಂದು ಅನ್ನೂದ ಏನ ಉಳೀತವ್ವಾ! ನಿನ್ನ ದುಕ್ಕ ಕೇಳೋರ ಈ ಊರಾಗ ಯಾರ ಅದಾರವ್ವಾ!" ನೀವು ಅರ್ಧ ತಿಳಿದಿರಿ, ಉಳಿದರ್ಧವನ್ನು ನಿಮ್ಮ ದುಃಖ ತುಂಬಿಕೊಂಡಿತು. ಅತ್ತೆಯ ಅಡುಗೆಮನೆಯ ಮಾತು ಆಗ ತಾನೇ ನಿಮ್ಮ ಬಾಯಿಂದ ಬಂದಿತ್ತು. ಈ ಮುದುಕಿ ಅದನ್ನೇ ಅಳುತ್ತಿದ್ದಾಳೆಂದು ಭಾವಿಸಿ ನೀವೂ ಗಟ್ಟಿಯಾಗಿ ಅತ್ತಿರಿ. ಅಷ್ಟು ದಿನಗಳಲ್ಲಿ ನೀವು ಅತ್ತದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ನಿಂಗವ್ವ ಕುಂಕುಮದ ಮಾತೆತ್ತಿದಳು. ಆಗ ನನಗೆ ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ಓಣಿಯ ತುದಿಯಲ್ಲಿ ಬಂಡಿ ಕಾಣಿಸಿತು. ಬಂಡಿಯಲ್ಲಿ ಕಬ್ಬಿಣದ ಗಾಲಿ, ಗಾಲಿಯ ಮೇಲೆ ಮೊಣಕಾಲಿನವರೆಗೆ ಕೆಸರಾದ ಸಾಹೇಬರು.

"ನಿಂಗವ್ವಾ, ಅಳೂದ ನಿಂದ್ರಸ!" ಎಂದು ಖಾಸೀಮಸಾಬರು ಅಂಗಡಿಯಿಂದ ಜಿಗಿದು ಬಂದರು. "ಸತ್ತಾಂವ ಟೊಪಗಿ ತಗದ ಸಲಾಮ ಮಾಡಾಕತ್ತಾನ ನೋಡ!"

ನಿಂಗವ್ವ ತಿರುಗಿ ನೋಡಿ, ಮೂಗು ಒರೆಸಿಕೊಂಡು, ನಿಮ್ಮನ್ನೇ ಗದರಿದಳು. "ಅಯ್ಯ, ಬದಕಿದ್ರ ಮದ್ಲ ಹೇಳಬಾರದೇನ? ಇಷ್ಟ ಅಳು ದಂಡ ಆತಲ್ಲ!"

ನೀವು ಅಳುತ್ತಲೇ ನಕ್ಕಿರಿ. "ದಂಡ ಆಗಿಲ್ಲ ನಿಂಗವ್ವಾ. ನಮ್ಮ ದೇಶಕ್ಕ ಅಳೂ ಮಂದಿ ಭಾಳ ಕಮ್ಮಿ ಅದಾರ."

"ದೇಶಕ್ಕ ಏನಾಗೇತ್ರಿ?" ಎಂದು ಆಕೆ ನನ್ನನ್ನು ಕೇಳಿದಳು. ಮೂವರು ಅರಸರು ಸೇರಿ ಅದನ್ನು ಪಾಲು ಮಾಡಿಕೊಂಡರೆಂದು ಹೇಳಿದೆ. ಆಕೆ, "ಪಾಲ ಆಗೂದು ಎಲ್ಲಾ ಮನ್ಯಾಗ ಐತ್ರಿ. ಆದ್ರ ಬರೇ ಸೆರಗ ನಾ ನೇಯಿಸಿ ಕೊಡಾಕಿ ಅಲ್ಲ. ಇಡೀ ಸೀರಿ ಕೊಡ್ತೇನಿ, ಉಟಗೊಳ್ಳಲಿ" ಎಂದಳು. ನೀವು ಆಕೆಯ ಸೆರಗನ್ನೇ ಕೈಗೆ ತೆಗೆದುಕೊಂಡು ಹಿಂದುಮುಂದು ತಿರುಗಿಸಿದಿರಿ. ಕೆಂಪು ರೇಶಿಮೆ ಕಪ್ಪು ನೂಲಿಗೆ ಸೇರುವ ಜಾಗವನ್ನು ಉಗುರಿನಿಂದ ಹುಡುಕಿದಿರಿ. ಅಲ್ಲಿ ಎಳೆ ಎಳೆಗೂ ಕೊಂಡಿ ಇರುತ್ತದೆ, ಒಂದರ ಕುಣಿಕೆಯೊಳಗೆ ಇನ್ನೊಂದು. "ಎಲ್ಲಿ ಕೂಡೈತಿ ಇದು?" ಎಂದಿರಿ. "ಕೈಗಿ ಹತ್ತಬಾರದವ್ವಾ. ಹತ್ತಿದ್ರ ಸೊಸೀಗಿ ಬೈತೇನಿ" ಎಂದಳು ನಿಂಗವ್ವ. ನೀವು ಲೆಕ್ಕಣಿಕೆ ಎತ್ತಿಕೊಂಡಿರಿ. ಹೊಡೆದುಹಾಕಿದ್ದ 'ಜಖೋವಾಚ್' ಅನ್ನು ಆ ವಾಕ್ಯದ ಮುಂದೆ ಮತ್ತೆ ಬರೆದಿರಿ. ಆ ಕೊಂಡಿಯಲ್ಲಿ ಅಡಗಿದ್ದೇ ಸೀರೆಯನ್ನು ಹಿಡಿದಿತ್ತಲ್ಲ. ಮಸಿ ಒಣಗಲೆಂದು ಕಾಗದವನ್ನು ಬಿಸಿಲಿಗೆ ಹಿಡಿದಿರಿ. 'ಕೀಪ್' ಮುಗಿಯಿತು.

ಮುಂದಿನ ಚಳಿಗಾಲ ನೀವು ಚಿತ್ರ ಬರೆಯಲೆಂದು ಬಾದಾಮಿಗೆ ಹೋದಿರಿ, ಅಲ್ಲಿಯ ಜ್ವರ ನಿಮ್ಮನ್ನು ಬಿಡಲಿಲ್ಲ. ಬಾಗಲಕೋಟೆಯಲ್ಲಿ ಮಣ್ಣು ಮಾಡುವಾಗ ನಿಂಗವ್ವನೂ ನಾನೂ ಇದ್ದೆವು. ತಾನು ಕೊಟ್ಟಿದ್ದ ಇಡೀ ಸೀರೆಯನ್ನು ನಿಮಗೆ ಹೊದಿಸಿದವಳು ಆಕೆ. ಸೆರಗು ಎದೆಯ ಮೇಲೆ ಬಂತು. ಕತ್ತರಿ ಮುಟ್ಟಿಸಲಿಲ್ಲ. ಸಾಹೇಬರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಆದ್ದರಿಂದ ಮರಣದ ದಫ್ತರಕ್ಕೆ ನಿಮ್ಮ ವಿವರ ಬರೆಸಿದವರು ರಾಯರು. ಅವರು ನಿಮ್ಮನ್ನು ಹತ್ತಿರದಿಂದ ಕಂಡದ್ದು ಅಂದೇ. ರಶಿಯಾ ಎಂದು ಬರೆಸಿದ್ದನ್ನು ಕೇಳಿ ನಾನು ತಡೆದೆ. "ನಕಾಶೆಯೊಳಗ ಇಲ್ಲದ ದೇಶಾನ ನಾ ಹ್ಯಾಂಗ ಬರಸ್ಲಿ ಬಾಯಾರ?" ಎಂದರು. "ನಕಾಶೆ ತಪ್ಪ ಅದರಿ ರಾಯರ. ಅದನ್ನ ತಿದ್ದೋತನಕ ಜಾಗಾ ಖಾಲಿ ಬಿಡ್ರಿ" ಎಂದೆ. ಅವರು ಬಿಡಲಿಲ್ಲ.

ಕಾಗದಗಳ ಕಟ್ಟನ್ನು ಸಾಹೇಬರು ಒಯ್ದರು. ಆಮೇಲೆ ದೊಡ್ಡ ಯುದ್ಧ ಬಂತು. ಕೈಪಿಡಿ ಅಚ್ಚಾಯಿತೋ, ಹಾನ್ಯಾಳ ಕೈ ಸೇರಿತೋ, ನನಗೆ ತಿಳಿಯದು. ತಿಳಿಯದ್ದನ್ನು ತಿಳಿದಂತೆ ಬರೆಯುವ ಅಭ್ಯಾಸ ನನಗಿಲ್ಲ.

ತಿಳಿದದ್ದನ್ನು ಬರೆಯುತ್ತೇನೆ. ಕಳೆದ ವಾರ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಮುಂಬಯಿಯಿಂದ ಹೊಸ ಗೋಡೆನಕಾಶೆ ಬಂತು. ಈಗಿನ ಮುಖ್ಯ ಶಿಕ್ಷಕಿ ನನ್ನ ವಿದ್ಯಾರ್ಥಿನಿ, ನೋಡಲು ಕರೆದಳು. ಯುರೋಪಿನಲ್ಲಿ ಮೊದಲು ನಿಮ್ಮ ಜಾಗವನ್ನು ಹುಡುಕಿದೆ. ಅಲ್ಲಿ ಇದೆ, ಯಾದ್ವಿಗಾಬಾಯಿ. ಎಲ್ಲೆಗಳ ನಡುವೆ, ದಪ್ಪ ಅಕ್ಷರಗಳಲ್ಲಿ. ಬೆರಳಿಟ್ಟು ಗಟ್ಟಿಯಾಗಿ ಓದಿದೆ, ಹುಡುಗಿಯರು ಕಿಸಕ್ಕೆಂದರು. ಬಣ್ಣ ಮಾತ್ರ ಹಳದಿ. ಕೆಂಪನ್ನೆಲ್ಲ ನಮ್ಮನ್ನಾಳುವ ಇಂಗ್ಲಿಷ್ ಸರಕಾರ ತನಗೇ ಬಳಿದುಕೊಂಡಿದೆ. ಅಲ್ಲಿಯ ಮಕ್ಕಳು ಈಗ ಯಾವ ಮಾತಿನಲ್ಲಿ ಪಾಠ ಒಪ್ಪಿಸುತ್ತಾರೆಂದು ನಿಮಗೆ ಹೇಳಬೇಕಾಗಿಲ್ಲ...

ಪಟ್ಟಿ ನಾಳೆಯ ಟಪಾಲಿಗೆ ಹೋಗುತ್ತದೆ. ಅಚ್ಚಾಗುವವರೆಗೆ ಸಂಪಾದಕರನ್ನು ನಾನು ಬಿಡುವವಳಲ್ಲ. ರಾಯರ ಹೆಸರು ಅದರಲ್ಲಿ ಇರದು, ಅವರು ಆ ದಿನ ಇರಲಿಲ್ಲ. ಇಳಕಲ್ಲಿನಲ್ಲಿ, ನನ್ನ ಮನೆಯ ಕಟ್ಟೆಯ ಬಳಿ, ಆ ಮಧ್ಯಾಹ್ನ ಹಾಜರಿದ್ದವರು:

ನಿಂಗವ್ವ, ನೇಕಾರರ ಓಣಿ, ಇಳಕಲ್ಲು, ಹಿಂದುಸ್ಥಾನ.

ಖಾಸೀಮಸಾಬ, ಬಣ್ಣದ ವ್ಯಾಪಾರಿ, ಇಳಕಲ್ಲು, ಹಿಂದುಸ್ಥಾನ.

ಗಂಗಾಬಾಯಿ, ನಿವೃತ್ತ ಶಿಕ್ಷಕಿ, ಇಳಕಲ್ಲು, ಹಿಂದುಸ್ಥಾನ.

ಸ್ಟೆಫಾನ್, ಇಂಜಿನಿಯರ್, ತಡವಾಗಿ ಬಂದವರು, ವಾರ್ಸಾ, ಪೋಲಂಡ್.

ಯಾದ್ವಿಗಾ, ಗ್ರಂಥಕರ್ತೆ, ವಾರ್ಸಾ, ಪೋಲಂಡ್.