ನೆಟ್ಟು ನಿಧಾನವಾದ ಕಾರಣ

ಕೋಗಿಲು, ಬೆಂಗಳೂರು
೧೪ ಸೆಪ್ಟೆಂಬರ್ ೨೦೧೭, ಗುರುವಾರ

ಪ್ರೀತಿಯ ರಘು ಅವರಿಗೆ,

ಹೇಗಿದ್ದೀರಿ? ರಾಜಸ್ಥಾನದ ಬಿಸಿಲಿಗೆ ಕಣ್ಣು ಉರಿಯುತ್ತದೆ ಎಂದು ಬರೆದಿದ್ದಿರಿ, ಈಗ ಕಡಿಮೆಯಾಯಿತೇ? ಮಲಗುವಾಗ ಅಂಗಾಲಿಗೆ ಹರಳೆಣ್ಣೆ ಹಚ್ಚಿಕೊಳ್ಳಿ, ಕ್ಯಾಂಪಿನವರು ನಕ್ಕರೆ ನಗಲಿ. ಎಣ್ಣೆಬಾವಿ ಕೊರೆಯುವ ಜಾಗದಲ್ಲಿ ಸಿಗ್ನಲ್ ಇಲ್ಲದೆ ಹೋದದ್ದರಿಂದ ನನಗೆ ಕಾಗದ ಬರೆಯುವ ಅಭ್ಯಾಸವಾದರೂ ಮರಳಿ ಬಂತು. ಪುಟ್ಟಿ ಚೆನ್ನಾಗಿದ್ದಾಳೆ. ಅತ್ತೆಯ ಮಂಡಿನೋವು ಹಾಗೇ ಇದೆ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ.

ಇನ್ನು ನೆಟ್ಟಿನ ವಿಷಯ. ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸುವ ಮಾತನ್ನು ಕೇಳಿಕೊಂಡು ಟೈಪ್ ಮಾಡುವ ನನ್ನ ಕೆಲಸ ಎಷ್ಟು ಆಸೆಯಿಂದ ಹಿಡಿದದ್ದು ಎಂದು ನಿಮಗೆ ಗೊತ್ತು. ನೀವು ಹೋದ ಮೇಲೆ ಮನೆಯ ವೈಫೈ ಬಸವನಹುಳುವಾಯಿತು. ಟೈಪ್ ಮಾಡಿದ ಫೈಲು ಕಳಿಸಲು ಕೂತರೆ ಅನ್ನ ಬೆಂದು ಆರಿದರೂ ಹೋಗುತ್ತಿರಲಿಲ್ಲ. ಇನ್ನೊಂದು ಸಲ ತಡವಾದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದು ಆಫೀಸಿನವರು ಕಟ್ಟುನಿಟ್ಟಾಗಿ ಹೇಳಿದರು. ರೂಟರನ್ನು ಫ್ರಿಜ್ಜಿನ ಪಕ್ಕದಿಂದ ತೆಗೆದು ಶೋಕೇಸಿನ ಮೇಲಿಟ್ಟೆ, ಅಲ್ಲಿಂದ ಕಿಟಕಿಗೆ, ಕಿಟಕಿಯಿಂದ ದೇವರಮನೆ ಗೋಡೆಗೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗಲೆಲ್ಲ ಅದೇ ಹಾಡು: “ಆಫ್ ಮಾಡಿ ಆನ್ ಮಾಡಿ ಮೇಡಂ.” ಮಾಡಿ ಮಾಡಿ ಸ್ವಿಚ್ಚೇ ಸಡಿಲವಾಯಿತು. ಕೊನೆಗೆ ಅವರ ಕಡೆಯವನೊಬ್ಬ ಬಂದು, ಚಪ್ಪಲಿ ಹಾಕಿಕೊಂಡೇ ಒಳಗೆಲ್ಲ ಓಡಾಡಿ, “ಲೈನ್ ಪರ್ಫೆಕ್ಟಾಗಿದೆ, ನೀವೇ ಜಾಸ್ತಿ ಯೂಸ್ ಮಾಡ್ತಿದ್ದೀರ” ಎಂದು ಹೋದ. ಅತ್ತೆ ಕೇಳಿಸಿಕೊಂಡು, “ಓಗ್ಲಿ ಬಿಡವ್ವ, ಎಂಗಸ್ರು ಕಂಪ್ಯೂಟ್ರು ಕುಟ್ಟಿ ಏನಾಗ್ಬೇಕು” ಎಂದರು. ಮೈಯೆಲ್ಲ ಉರಿಯಿತು.

ನಡುವೆ ಇನ್ನೊಂದು ಇರಿಸುಮುರಿಸು. ನನ್ನ ಜೊತೆ ಕೆಲಸ ಮಾಡುವ ಯಲಹಂಕದ ಸಬೀರಾ ಒಂದು ಮಧ್ಯಾಹ್ನ ಹೆಡ್‌ಫೋನ್ ಕೊಡಲು ಬಂದು ಊಟ ಮಾಡಿ ಹೋದಳು. ಅತ್ತೆ ಆಗ ಹುಣಸಮಾರನಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿದ್ದರು. ಹಿಂದಿರುಗಿ ಚೀಲ ಕೆಳಗಿಡುವ ಮೊದಲೇ, “ಅಷ್ಟೊತ್ತು ಕೂತಿದ್ಲಲ್ಲ, ಏನಂತೆ ಅವಳ್ದು?” ಎಂದರು. ನಾನು ಯಾರಿಗೂ ಹೇಳಿರಲಿಲ್ಲ. ಯಾರೋ ಬೆನ್ನ ಹಿಂದೆಯೇ ನಿಂತಿದ್ದಾರೆ ಎನ್ನಿಸಿ ಅವತ್ತು ಊಟ ಸೇರಲಿಲ್ಲ.

ನಿನ್ನೆ ಸಬೀರಾ ಮತ್ತೆ ಬಂದಳು. “ನಿಮ್ ವೈಫೈಗೆ ಯಾರ್ಯಾರ್ ಸೇರ್ಕೊಂಡಿದ್ದಾರೆ ನೋಡೋಣ ಕಣೇ” ಎಂದು ಲ್ಯಾಪ್‌ಟಾಪಿನಲ್ಲಿ ರೂಟರಿನ ಪುಟ ತೆರೆದಳು. ನನ್ನ ಫೋನು, ಲ್ಯಾಪ್‌ಟಾಪು, ಪುಟ್ಟಿಯ ಟ್ಯಾಬು. ಜೊತೆಗೆ ನಮ್ಮದಲ್ಲದ ಇನ್ನೊಂದು. ಪಾಸ್‌ವರ್ಡ್ ಬದಲಾಯಿಸಿದೆ. ತಗೊಳ್ಳಿ, ಕೂತಿದ್ದ ಫೈಲುಗಳೆಲ್ಲ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಹೋದವು. ಖುಷಿಗೆ ಇಬ್ಬರೂ ಕಾಫಿಗಿಟ್ಟೆವು. ಹಾಲು ಉಕ್ಕುವ ಮೊದಲೇ ಕೆಳಗಿನ ಮನೆಯಿಂದ ಭಾವ ಮೆಟ್ಟಿಲು ಹತ್ತಿ ಬಂದರು, ಕೈಯಲ್ಲಿ ಫೋನು. “ಏನಮ್ಮಾ ಮಾಡ್ದೆ? ಕ್ಯಾಮ್ರಾ ಬರ್ತಾನೇ ಇಲ್ವಲ್ಲ?”

ನಮ್ಮ ಬಾಗಿಲಿಗೆ ಎದುರಾಗಿ ಪ್ಯಾಸೇಜಿನಲ್ಲಿ ಅವರೇ ಹಾಕಿಸಿದ್ದ ಕ್ಯಾಮೆರಾ. “ಒಳಗೇನಿಲ್ಲ, ಕಳ್ಳರು ಎದರ್ಕೊಳ್ಲಿ ಅಂತ ಬರೀ ಡಬ್ಬಿ” ಎಂದು ನನಗೆ ಹೇಳಿದ್ದ ಕ್ಯಾಮೆರಾ. ನೆಂಟರಿಗೆ ಮೆಸೇಜ್ ಮಾಡಬೇಕು ಎಂದು ನನ್ನಿಂದಲೇ ಪಾಸ್‌ವರ್ಡ್ ಪಡೆದು, ಹಗಲೂ ರಾತ್ರಿ ನನ್ನದೇ ನೆಟ್ಟಿನಲ್ಲಿ ನನ್ನ ಬಾಗಿಲನ್ನು ತಮ್ಮ ಫೋನಿಗೆ ತರಿಸಿಕೊಂಡು ನೋಡುತ್ತಿದ್ದರು. ಬಾಗಿಲು ತೆರೆದಿದ್ದರೆ ನಡುಮನೆ ಕೂಡ ಕಾಣುತ್ತದೆ. ತಲೆ ಒರೆಸಿಕೊಳ್ಳುತ್ತ, ನೈಟಿಯಲ್ಲಿ, ಕಾಲು ಚಾಚಿ ಹೇಗೆ ಹೇಗೆಲ್ಲ ಅಲ್ಲಿ ಕೂತಿದ್ದೇನೋ! ಸಬೀರಾಳ ಎದುರೇ, “ನಾಚಿಕೆ ಆಗಲ್ವಾ ಭಾವ ನಿಮಗೆ?” ಎಂದೆ. ಈ ಮನೆಯಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು. “ನಿನ್ ಒಳ್ಳೇದಕ್ಕೇ ಕಣಮ್ಮ” ಎಂದು ಗೊಣಗಿಕೊಂಡು ಇಳಿದರು. ಸ್ಟೂಲು ಹತ್ತಿ ಕ್ಯಾಮೆರಾದ ವೈರು ಕಿತ್ತೆ. ಅತ್ತೆ ನಿನ್ನೆಯಿಂದ ನನ್ನ ಕೈಯ ನೀರೂ ಮುಟ್ಟಿಲ್ಲ. ಮುಟ್ಟದಿರಲಿ.

ನೀವು ರಜೆಗೆ ಬಂದಾಗ ಭಾವನನ್ನು ಕೂರಿಸಿಕೊಂಡು ಕೇಳಬೇಕು. ತಮ್ಮನ ಮಾತಿಗಾದರೂ ತಲೆ ತಗ್ಗಿಸಿಯಾರು. ಅಲ್ಲಿಯವರೆಗೆ ನನ್ನ ಚಿಂತೆ ಬೇಡ, ಕೆಲಸ ಉಳಿಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಪುಟ್ಟಿ ಅಪ್ಪನಿಗೆ ಮುತ್ತು ಕೊಟ್ಟಿದ್ದಾಳೆ, ಕಾಗದದ ಮೂಲೆ ಒದ್ದೆಯಾಗಿರುವುದು ಅದಕ್ಕೇ.

ನಿಮ್ಮ ದಾರಿ ಕಾಯುತ್ತಿರುವ,
ರಾಧಾಮಣಿ

ಮರೆತ ಮಾತಲ್ಲ, ಈಗ ತಿಳಿದದ್ದು: ಕಾಗದ ಮಡಿಸುವ ಹೊತ್ತಿಗೆ ಭಾವ ಮತ್ತೆ ಬಂದು, “ನನ್ನೊಬ್ಬನ್ನೇ ಯಾಕೆ ಬೈತೀಯ, ಇದನ್ನೂ ಓದು” ಎಂದು ಫೋನು ಮುಂದೆ ಹಿಡಿದರು. ಕ್ಯಾಂಪಿಗೆ ಹೊರಟ ದಿನ ನೀವು ಅವರಿಗೆ ಕಳಿಸಿದ ಮೆಸೇಜು. “ಅಣ್ಣ, ರಾಧಾ ಬಾಗಿಲಿಗೆ ಕ್ಯಾಮೆರಾ ಹಾಕ್ಸು. ಯಾರ್ ಬರ್ತಾರೆ ನೋಡ್ಕೊಂಡಿರು. ಅವಳಿಗೆ ಗೊತ್ತಾಗೋದ್ ಬೇಡ.” ಪುಟ್ಟಿಯನ್ನು ಕರೆದುಕೊಂಡು ಸಂಜಯನಗರಕ್ಕೆ, ನಮ್ಮ ಧನಲಕ್ಷ್ಮಿ ಅಕ್ಕನ ಮನೆಗೆ ಹೊರಟಿದ್ದೇನೆ. ಆಟೋ ಬಂದು ನಿಂತಿದೆ. ಮೇಲಿನದನ್ನೆಲ್ಲ ಹರಿದು ಹಾಕೋಣ ಎಂದುಕೊಂಡೆ. ಬೇಡ. ನಿಮ್ಮನ್ನು ಎಷ್ಟು ನಂಬಿ ಬರೆದಿದ್ದೆ ಎಂದು ನೀವೂ ಓದಿ.